ಹೆಸರು ಬರುವವರೆಗೆ

ಇಂದು ಬೆಳಿಗ್ಗೆ ಸೊಸೆ ಬಜೆ ಬೇರನ್ನು ಸಾಣೆಕಲ್ಲಿನ ಮೇಲೆ ತೇಯುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಎಂಬತ್ತು ದಾಟಿದ ನನ್ನ ನಾಲಿಗೆ ತಾನಾಗಿಯೇ ಮುದುಡಿಕೊಂಡಿತು. ಏಕೆಂದು ಹೇಳುತ್ತೇನೆ, ಕೇಳಿ.

ರಾಜರ ಕಾಲದ ಬನಹಟ್ಟಿಯಲ್ಲಿ ನಾನು ಒಂಬತ್ತು ವರ್ಷದ, ಉಗ್ಗುವ ಹುಡುಗಿ. ಬೇರೆ ಮಾತು ಹೇಗೋ ದಾಟುತ್ತಿತ್ತು. ಪಾರ್ವತಿ ಎಂಬ ನನ್ನ ಹೆಸರೇ ತುಟಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಉಗ್ಗು ಹೋಗಲೆಂದು ದಿನಾ ನಾಲಿಗೆಗೆ ಬಜೆ, ಮೇಲೆ ಜೇನು. ಬಾಯಲ್ಲಿ ಸಣ್ಣ ಕಲ್ಲಿಟ್ಟು ಮಾತಾಡಿಸಿದರು, ಒಂದನ್ನು ನುಂಗಿಯೂ ಬಿಟ್ಟೆ. ಆದರೆ ನನಗೆ ನಿಜವಾಗಿ ಸಿಟ್ಟು ಬರುತ್ತಿದ್ದುದು ನನ್ನ ಮಾತನ್ನು ಬೇರೆಯವರು ಮುಗಿಸಿಕೊಟ್ಟಾಗ. ಬಳಪ ಕೇಳಹೊರಟರೆ ಬೆಲ್ಲ ಕೈಗೆ ಬರುತ್ತಿತ್ತು. ಬೆಲ್ಲ ಬೇಡವೆಂದವಳಲ್ಲ ನಾನು, ಅದು ಬೇರೆ ಮಾತು.

ಕೊನೆಗೊಂದು ದಿನ ಅಪ್ಪ, "ಸೋಮವಾರ ಸಾಲಿಗಿ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರಂತ. ಅವರ ಮುಂದ ಹೆಸರರೆ ಹೇಳ್ಬೇಕು. ಆಗಲಿಲ್ಲಂದ್ರ ಸಾಲಿ ಸಾಕು, ಮನ್ಯಾಗ ಕಂಡಿಕಿ ಸುತ್ತಲಿ," ಎಂದರು. ಸಿಟ್ಟಿನಿಂದಲ್ಲ, ಜನ ನಗುವುದನ್ನು ಅವರಿಗೆ ನೋಡಲಾಗುತ್ತಿರಲಿಲ್ಲ.

ರಾಟೆಯ ಮುಂದೆ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದವಳು ನನ್ನ ಸೋದರತ್ತೆ. ನನ್ನ ಅಳು ಕೇಳಿ ರಾಟೆ ನಿಲ್ಲಿಸಿದಳು.

"ಮದಲಗಿತ್ತಿ ಒಡಪ ಕಟ್ಟಿ ಗಂಡನ ಹೆಸರ ಹೇಳೂದ ನೋಡಿಯಲ್ಲ?"

"ಹೂಂ."

"ಹೆಸರಿನ ಹಂತ್ಯಾಕ ಬಂದು ನಿಂದರ್ತಾಳ. ಯಾರರೆ ಬೈತಾರೇನ? ಎಲ್ಲಾರೂ ನಕ್ಕೋತ ಕಾಯ್ತಾರ. ನೀನೂ ನಿಂದರ. ಕಾಯ್ತಾರ."

ಆಕೆಯೇ ಪ್ರಾಸ ಹಾಕಿ ಕಟ್ಟಿಕೊಟ್ಟ ಒಡಪು ಹಿಡಿದು ಸೋಮವಾರ ಸಾಹೇಬರೆದುರು ನಿಂತೆ. "ಕರೀ ಸೀರಿಗಿ ಕೆಂಪ ದಡಿ, ಪಾಟಿ ಪುಸ್ತಕ ಕೈಯಾಗ ಹಿಡಿ, ಸಾಲಿಗಿ ಬಂದಾಕಿ ಹೆಸರ…"

ಪ್ರಾಸ ಸರಾಗವಾಗಿ ಬಂತು. ಹೆಸರಿಗೆ ಬಂದಾಗ ತುಟಿ ಅಂಟಿಕೊಂಡಿತು. ಹುಡುಗಿಯರು ಕಿಸಕ್ಕೆಂದರು, ಗಂಡನ ಹೆಸರಿಗೆ ಹಾಕುವ ಒಡಪನ್ನು ತನಗೇ ಹಾಕಿಕೊಂಡವಳನ್ನು ಅವರು ಎಲ್ಲಿ ಕಂಡಿದ್ದರು? ಆದರೆ ಸಾಹೇಬರು ಮೇಜಿಗೆ ಮೊಣಕೈಯೂರಿ, "ಅವಸರಿಲ್ಲವ್ವಾ, ಹೇಳು," ಎಂದು ಮದುವೆಮನೆಯವರಂತೆ ನಗುತ್ತ ಕಾದರು.

"ಪ… ಪ… ಪಾರ್ವತಿ."

ಉಗ್ಗು ಇಂದಿಗೂ ಪೂರ್ತಿ ಹೋಗಿಲ್ಲ. ಶಾಲೆ ಬಿಡಿಸುವ ಮಾತನ್ನು ಮಾತ್ರ ಅಪ್ಪ ಮತ್ತೆ ಎತ್ತಲಿಲ್ಲ.

ಸೊಸೆ ಬಜೆ ತೇಯುತ್ತಿದ್ದುದು ಎರಡನೇ ತರಗತಿಯ ನನ್ನ ಮೊಮ್ಮಗಳಿಗೆ. ಆಕೆಯೂ ಉಗ್ಗುತ್ತಾಳೆ. ಇಷ್ಟು ದಿನ ಆಕೆಯ ಮಾತುಗಳನ್ನು ಮುಗಿಸಿಕೊಡುತ್ತಿದ್ದವಳು, ಹೇಳಲು ನಾಚಿಕೆಯಾಗುತ್ತದೆ, ನಾನೇ.

"ಆಯಿ, ನಂಗ ಬ… ಬ…" ಎನ್ನುತ್ತ ಮೊಮ್ಮಗಳು ನನ್ನ ಬಳಿ ಬಂದಳು.

'ಬೆಲ್ಲ ಬೇಕೇನ' ಎಂಬುದು ತುದಿನಾಲಿಗೆಗೆ ಬಂದಿತ್ತು. ನುಂಗಿಕೊಂಡು ಕೂತೆ. ಒಲೆಯ ಮೇಲೆ ಹಾಲು ಉಕ್ಕಿತು. ಉಕ್ಕಲಿ ಎಂದು ಬಿಟ್ಟೆ.

"ಬ… ಬಜಿ ಬ್ಯಾಡ," ಎಂದಳು.