ಕರದಂಟಿನ ಅಂಗಡಿಯವರು ಬಿಟ್ಟ ಸಿಹಿ

ಅಮೀನಗಡದ ಆ ಕರದಂಟಿನ ಅಂಗಡಿಯವರು ತೂಕ ಇಳಿಸಲೆಂದು ಹಾಲು, ತುಪ್ಪ, ಬೆಲ್ಲ ಎಲ್ಲವನ್ನೂ ಬಿಟ್ಟಿದ್ದರು. ಬೆಳಿಗ್ಗೆ ಗಜ್ಜರಿ, ಅಂದರೆ ಕ್ಯಾರೆಟ್ ರಸ, ಮಧ್ಯಾಹ್ನ ರೊಟ್ಟಿಯ ಜೊತೆ ಹಸಿ ಮೆಂತ್ಯ ಸೊಪ್ಪು, ಸವತಿಕಾಯಿ. ಹೊಟ್ಟೆ ಕರಗಿ ಅಂಗಿ ಜೋಲಾಡುತ್ತಿತ್ತು. ಆದರೆ ತಾವು ಮಾಡಿದ ಕರದಂಟಿನ ರುಚಿ ನೋಡುವವರು ಯಾರು? ಶಾಲೆಯಲ್ಲಿ ಪಾಠ ಮಾಡಲೆಂದು ದಿನಾ ಅಲ್ಲಿ ಬಸ್ಸಿಳಿಯುತ್ತಿದ್ದ ನನ್ನನ್ನೇ ಆ ಕೆಲಸಕ್ಕೆ ಹಿಡಿದರು.

ಕಾಗದದಲ್ಲಿ ಬಿಸಿ ತುಣುಕು ಕೊಟ್ಟು, ತಮ್ಮ ರಸದ ಲೋಟ ಹಿಡಿದು ಎದುರು ನಿಲ್ಲುತ್ತಿದ್ದರು. “ಹೆಂಗೈತ್ರಿ ಸರ?”

ಒಮ್ಮೆ ಪಾಕ ತುಸು ಸೀದಿತ್ತು. ಸಂಕೋಚದಿಂದ, “ಛಲೋ ಐತ್ರಿ” ಎಂದೆ.

“ಬಾಯಿ ಸುಳ್ಳ ಹೇಳಾಕತ್ತೈತ್ರಿ. ರುಚಿ ಹತ್ತಿದ್ರ ನಿಮ್ಮ ಹುಬ್ಬು ಏರತೈತಿ, ಇವತ್ತ ಮ್ಯಾಲೇರಲಿಲ್ಲಲ್ರಿ,” ಎಂದವರೇ ಕರದಂಟು ಹರವಿದ್ದ ಇಡೀ ಪರಾತವನ್ನು ಒಳಗೆ ಕಳಿಸಿದರು. ಆಮೇಲೆ ನನ್ನ ಕೈಯಲ್ಲಿದ್ದ ಕಾಗದವನ್ನು ತೆಗೆದುಕೊಂಡು, ಕಣ್ಣು ಮುಚ್ಚಿ ಒಮ್ಮೆ ಮೂಸಿದರು. ನಾನು ರಸ್ತೆಯ ಕಡೆ ನೋಡಿದೆ.

ನನಗೆ ಬಾದಾಮಿಗೆ ವರ್ಗವಾಯಿತು. ಮರಳಿ ಹೋದಾಗ ಅಂಗಡಿಯಲ್ಲಿ ಬೇರೆ ಯಾರೋ ಕೂತಿದ್ದರು. ಈಗ ಡಾಕ್ಟರು ನನಗೂ ಸಿಹಿ ಬಿಡಿಸಿದ್ದಾರೆ. ಬೆಳಿಗ್ಗೆ ಗಜ್ಜರಿ ರಸ ಕುಡಿಯುವಾಗ, ‘ಹೆಂಗೈತ್ರಿ ಸರ?’ ಎನ್ನಲು ಎದುರಿಗೆ ಯಾರೂ ಇಲ್ಲದಿದ್ದರೂ ನನ್ನ ಹುಬ್ಬು ಏರುತ್ತದೆ.