ಮೂರನೇ ನರಳಿಕೆ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ಮನೆಯವರು ಹೇಳುತ್ತಾರೆ. ಸುಳ್ಳಲ್ಲ. ಅದರಲ್ಲೂ ಯಾರಾದರೂ “ಫೋನ್ ತಾನಾಗೇ ಕಟ್ಟಾಯ್ತು” ಅಂದರೆ ಮೈ ಉರಿಯುತ್ತದೆ. ಮೊದಲು ಟೆಲಿಫೋನ್ ಕಂಬ ಹತ್ತಿದವನು, ಈಗ ಕೋಲಾರದಲ್ಲಿ ಕೂತು ಸುತ್ತಮುತ್ತಲ ಆಫೀಸುಗಳ ಫೋನ್ ನೋಡಿಕೊಳ್ಳುವವನು ನಾನು. ಫೋನಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬಾರದು ಅನ್ನುವ ಜಂಬ ಇತ್ತು.

ಮುಳಬಾಗಿಲಿನಲ್ಲಿ ಒಬ್ಬ ದನದ ಡಾಕ್ಟರದು ಸ್ವಂತ ಕ್ಲಿನಿಕ್ಕು. ಹಳ್ಳಿಯಿಂದ ಫೋನ್ ಬಂದರೆ ಬೈಕ್ ಹತ್ತಿ ಹೋಗುತ್ತಾರೆ. ರೈತರಿಗೆಲ್ಲ ಅವರ ಹಳೇ ಲ್ಯಾಂಡ್‌ಲೈನ್ ನಂಬರೇ ಬಾಯಿಪಾಠ, ಹಾಗಾಗಿ ಅದನ್ನು ಬಿಡಲು ಮನಸ್ಸಿರಲಿಲ್ಲ. ಒಂದು ಹಳೇ ಕಂಪ್ಯೂಟರಿಗೆ, ಪುಕ್ಕಟೆ ಸಿಗುವ, ಯಾರು ಬೇಕಾದರೂ ತಿದ್ದಬಹುದಾದ ಫೋನ್ ತಂತ್ರಾಂಶ ಹಾಕಿದೆ. ಲ್ಯಾಂಡ್‌ಲೈನ್ ತಂತಿ ಸಿಕ್ಕಿಸಲು ಒಂದು ಲೈನ್ ಕಾರ್ಡು ಕೂರಿಸಿದೆ. ಬರುವ ಕರೆಗಳೆಲ್ಲ ಅದರಲ್ಲೇ ರೆಕಾರ್ಡ್ ಆಗುತ್ತಿದ್ದವು.

ಮೊದಲ ತಿಂಗಳೇ ತಕರಾರು. ಆ ಕಡೆಯವರು ಫೋನ್ ಇಟ್ಟರೂ ಕಾರ್ಡು ಲೈನನ್ನು ಹಿಡಿದುಕೊಂಡೇ ಇರುತ್ತಿತ್ತು, ಬೇರೆಯವರು ಮಾಡಿದರೆ ಎಂಗೇಜ್. ಆ ಕಡೆ ಇಟ್ಟ ಮೇಲೆ ಲೈನಿನಲ್ಲಿ ಕುಂಯ್ ಕುಂಯ್ ಅಂತ ಒಂದು ಸದ್ದು ಬರುತ್ತದೆ. ಸದ್ದು, ಅಷ್ಟೇ ಹೊತ್ತು ಮೌನ, ಮತ್ತೆ ಸದ್ದು. ಅಂಥದ್ದು ಮೂರು ಸಲ ಕೇಳಿಸಿದರೆ ಕಟ್ ಮಾಡು ಅಂತ ಕಂಪ್ಯೂಟರಿನಲ್ಲಿ ಬರೆದೆ. ಐದೋ ಆರೋ ಹಾಕಬಹುದಿತ್ತು, ಯಾಕೆ ಕಾಯುವುದು ಅಂತ ಮೂರಕ್ಕೇ ನಿಲ್ಲಿಸಿದೆ. ಲೈನ್ ಸರಿಹೋಯಿತು. ಡಾಕ್ಟರು ಕಾಫಿ ತರಿಸಿಕೊಟ್ಟರು.

ಎರಡು ತಿಂಗಳಿಗೆ ಮತ್ತೆ ಕರೆ ಬಂತು. ಮಾತಿನ ಮಧ್ಯದಲ್ಲೇ ಫೋನ್ ಇಟ್ಟುಬಿಡುತ್ತಾರೆ ಅಂತ ರೈತರು ದೂರುತ್ತಿದ್ದರಂತೆ. ತಂತಿ ನೋಡಿದೆ, ಜಾಯಿಂಟ್ ಬಿಚ್ಚಿ ಕಟ್ಟಿದೆ, ಕಾರ್ಡನ್ನೇ ಬದಲಾಯಿಸಿದೆ. ಏನೂ ಸಿಗಲಿಲ್ಲ. ಕೊನೆಗೆ ಕರೆಗಳ ಪಟ್ಟಿ ತೆಗೆದೆ. ಯಾವ ಕರೆ ಯಾವಾಗ ಮುಗಿಯಿತು ಅನ್ನುವುದು ಅದರಲ್ಲಿತ್ತು, ಯಾರು ಮುಗಿಸಿದರು ಅನ್ನುವುದು ಇರಲಿಲ್ಲ. ಬೆಳಗಿನ ಹೊತ್ತು ಪಕ್ಕದ ಆವನಿ ಊರಿನ ಒಬ್ಬ ಹುಡುಗಿ ಫೋನ್ ಎತ್ತುತ್ತಿದ್ದಳು, ಮಧ್ಯಾಹ್ನದ ಮೇಲೆ ಡಾಕ್ಟರ ತಮ್ಮ. ಅರ್ಧಕ್ಕೆ ನಿಂತ ಕರೆಗಳೆಲ್ಲ ಬೆಳಗಿನವೇ.

“ಹಸೂಗೆ ಕಾಯಿಲೆ ಜೋರಾಗಿದ್ದಾಗ್ಲೇ ಕಟ್ಟಾಗುತ್ತೆ ಭಾಯ್,” ಅಂದಳು ಹುಡುಗಿ. “ಸುಮ್ನೆ ಔಷಧಿ ಕೇಳೋರದ್ದು ಆಗಲ್ಲ.”

“ಹಸೂ ಕಷ್ಟ ಕಾರ್ಡಿಗೆ ಹೆಂಗಮ್ಮ ಗೊತ್ತಾಗುತ್ತೆ? ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋನಲ್ಲ ನಾನು.”

ಅವಳು ಅದನ್ನೇ ಇನ್ನೊಂದು ಸಲ ಹೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ಒಳಗೆ ಹೋಗಿ ಡಾಕ್ಟರಿಗೆ, “ಕಾರ್ಡು ಸರಿಯಾಗಿದೆ, ಕೂತಿರೋರು ಸರಿಯಿಲ್ಲ,” ಅಂದೆ. ಆ ವಾರವೇ ಅವಳನ್ನು ಬಿಡಿಸಿದರು. ತಮ್ಮ ಇಡೀ ದಿನ ಕೂತ, ಕಟ್ಟಾಗುವುದು ನಿಂತೇಹೋಯಿತು. ನೋಡಿದಿರಾ ಅಂತ ನಾನು ನಾಲ್ಕು ಜನರ ಹತ್ತಿರ ಹೇಳಿಕೊಂಡೆ.

ಮೂರು ತಿಂಗಳಾದ ಮೇಲೆ ಕಂಪ್ಯೂಟರಿನ ಡಿಸ್ಕ್ ತುಂಬಿತು ಅಂತ ಹಳೇ ರೆಕಾರ್ಡಿಂಗ್ ಅಳಿಸಲು ಹೋದೆ. ಅಳಿಸುವ ಮುಂಚೆ, ಅವಳು ಹೇಗೆ ಮಾತಾಡುತ್ತಿದ್ದಳೋ ನೋಡೋಣ ಅಂತ ಒಂದನ್ನು ಹಾಕಿದೆ.

“ಲೇ, ನಾನು ಕಣೇ, ದೊಡ್ಡಮ್ಮ. ಹಸೂ ಹೊಟ್ಟೆ ಉಬ್ಬಿಬಿಟ್ಟೈತೆ, ನಿಲ್ಲೋಕಾಗ್ತಿಲ್ಲ ಅದಕ್ಕೆ.”

“ಹೆದ್ರಬೇಡ ದೊಡ್ಡಮ್ಮ. ಫೋನ್ ಅದರ ಮೂಗಿನ ಹತ್ರ ಹಿಡಿ. ಉಸಿರು ಕೇಳಿ ಏನ್ ಮಾಡ್ಬೇಕು ಅಂತ ಹೇಳ್ತೀನಿ.”

ಹಸು ನರಳಿತು. ಅಷ್ಟೇ ಹೊತ್ತು ಮೌನ. ಮತ್ತೆ ನರಳಿತು. ಮೌನ. ಮತ್ತೆ ನರಳಿತು. ರೆಕಾರ್ಡಿಂಗ್ ಮುಗಿಯಿತು.

ಎರಡು ನಿಮಿಷಕ್ಕೆ ಅದೇ ಮುದುಕಿಯ ಇನ್ನೊಂದು ಕರೆ ಇತ್ತು, ಆಮೇಲೆ ಮತ್ತೊಂದು. ಎರಡೂ ಮೂರನೇ ನರಳಿಕೆಗೆ ಮುಗಿದಿದ್ದವು. ಬೇರೆ ಬೆಳಗಿನ ಕರೆಗಳನ್ನು ಹಾಕಿದೆ, ಅಲ್ಲೂ ಅದೇ. ಡಾಕ್ಟರ ತಮ್ಮ ಊರಿನ ಹೆಸರು ಕೇಳಿ ಬರೆದುಕೊಂಡು ಫೋನ್ ಇಡುತ್ತಿದ್ದ, ಅಷ್ಟೇ. ಹಸುವಿನ ಉಸಿರು ಕೇಳುತ್ತಿದ್ದವಳು ಅವಳೊಬ್ಬಳೇ. ಆ ಉಸಿರನ್ನು ನನ್ನ ಕಾರ್ಡು ಕುಂಯ್ ಕುಂಯ್ ಅಂದುಕೊಂಡಿತ್ತು. ಹಸುವಿಗೆ ಜೋರಾದಷ್ಟೂ ಕಟ್ಟಾಗುವುದು ಗ್ಯಾರಂಟಿ. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ, ನಾನು ಕಿವಿಗೊಟ್ಟು ಕೇಳುವ ಕೆಲಸವನ್ನೂ ಮಾಡಿರಲಿಲ್ಲ.

ಡಾಕ್ಟರಿಗೂ ಕೇಳಿಸಿದೆ. “ಅವಳನ್ನ ವಾಪಸ್ ಕರೀರಿ ಭಾಯ್,” ಅಂದರು. ಆ ರೆಕಾರ್ಡಿಂಗನ್ನು ಮೊಬೈಲಿಗೆ ಹಾಕಿಕೊಂಡು ಆವತ್ತೇ ಸಂಜೆ ಆವನಿಗೆ ಹೋದೆ.

ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಳು. ತಪ್ಪು ನನ್ನದು, ಕೆಲಸಕ್ಕೆ ಬಾ ಅಂತ ಮೆಲ್ಲಗೆ ಹೇಳಿದೆ. ಅವಳ ಮುಖ ಅರಳಲಿಲ್ಲ.

“ನನಗೆ ಹೇಳ್ಬೇಡಿ ಭಾಯ್. ಅಲ್ಲಿ ನಿಂತಿದಾರಲ್ಲ, ನಮ್ ದೊಡ್ಡಮ್ಮ, ಅವರಿಗೆ ಹೇಳಿ. ಅವರ ಹಸು ಅವತ್ತೇ ಹೋಯ್ತು. ಡಾಕ್ಟ್ರು ಹೋಗೋ ಹೊತ್ತಿಗೆ ಮುಗಿದಿತ್ತು. ನಾನು ನನ್ ಮೊಬೈಲಿಂದ ಮಾಡ್ತಾನೇ ಇದ್ದೆ, ಅವರು ಕ್ಲಿನಿಕ್ಕಿಗೇ ಮಾಡ್ತಿದ್ರು, ನನಗೆ ಎಂಗೇಜ್ ಬರ್ತಿತ್ತು, ಅವರದ್ದು ಕಟ್ಟಾಗ್ತಿತ್ತು. ನಾನಾಗೇ ಇಡಲಿಲ್ಲ ಅಂತ ಹೇಳಿದ್ರೆ ದೊಡ್ಡಮ್ಮ ನಂಬಲಿಲ್ಲ. ಆವತ್ತಿಂದ ಮಾತಿಲ್ಲ.”

ಮುದುಕಿ ಎರಡು ಹೆಜ್ಜೆ ಮುಂದೆ ಬೆನ್ನು ಮಾಡಿ ನಿಂತಿದ್ದರು. ನಾನು ಯಾರು ಅಂತ ಹೇಳಿ, ಮೊಬೈಲನ್ನು ಅವರ ಕಿವಿಯ ಹತ್ತಿರ ಹಿಡಿದು ಹಾಕಿದೆ. ಸತ್ತ ಹಸುವಿನ ಉಸಿರು ಕೇಳಿಸುತ್ತಿದ್ದಂತೆ ಅವರ ಕೈಯಲ್ಲಿದ್ದ ಕ್ಯಾನು ನೆಲಕ್ಕೆ ಕೂತಿತು. ಮೂರನೆಯದು ಮುಗಿಯಿತು.

“ಆಮೇಲೆ?” ಅಂದರು.

“ಆಮೇಲೆ ಇಲ್ಲಮ್ಮ. ಮೂರಕ್ಕೆ ಕಟ್ ಮಾಡು ಅಂತ ಮಿಷಿನ್ನಿಗೆ ಬರೆದೋನು ನಾನು. ಇವಳು ಫೋನ್ ಇಡಲೇ ಇಲ್ಲ.”

ನನ್ನನ್ನು ಬೈಯುತ್ತಾರೆ ಅಂತ ಕಾದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಹಿಂದೆ ತಿರುಗಿ ಹುಡುಗಿಯನ್ನು ನೋಡಿದರು.

“ಹಂಗಾದ್ರೆ ಆ ಕಡೆ ನೀನು ಹಲೋ ಹಲೋ ಅಂತಿದ್ಯೇನೇ?”

“ಹೂಂ ದೊಡ್ಡಮ್ಮ,” ಅಂದಳು. “ಅಂತಾನೇ ಇದ್ದೆ.”