ಅಜ್ಜಂಪುರದ ಸುತ್ತುದಾರಿ

ಅವರ ಬಲಗೈ ಎಡಗೈಗಿಂತ ಕಪ್ಪಗಿತ್ತು. ಇಪ್ಪತ್ತು ವರ್ಷ ಕಾರಿನ ಕಿಟಕಿಗೆ ಮೊಣಕೈ ಊರಿ ಬಿಸಿಲು ಕುಡಿದ ಕೈ ಅದು. ಅವರು ನಮಸ್ಕಾರ ಮಾಡಿದರೆ ಇಬ್ಬರ ಕೈಗಳನ್ನು ಸೇರಿಸಿದಂತೆ ಕಾಣುತ್ತಿತ್ತು. ಕಡೂರಿನಲ್ಲಿ ಎಲ್ಲರಿಗೂ ಅವರು ಡ್ರೈವರಣ್ಣ, ನನಗೂ ಅಷ್ಟೇ.

ಎಪ್ಪತ್ತರ ದಶಕದ ಮೊದಲಲ್ಲಿ ಲಿಂಗದಹಳ್ಳಿಯಿಂದ ನನ್ನನ್ನು ಮದುಮಗಳಾಗಿ ಕಡೂರಿಗೆ ತಂದದ್ದು ಅವರ ಟ್ಯಾಕ್ಸಿಯೇ. "ನಾನು ತಂದ ಹೆಣ್ಮಕ್ಳೆಲ್ಲ ನೆಟ್ಟಗೆ ಬಾಳ್ತಾವ್ರೆ" ಎಂಬ ಜಂಬ ಅವರಿಗೆ. ನನಗೆ ನಾಲ್ಕು ವರ್ಷವಾದರೂ ಮಕ್ಕಳಾಗಲಿಲ್ಲ. ಒಂದು ಬೆಳಿಗ್ಗೆ ಅತ್ತೆ, "ನಾಲ್ಕು ದಿನ ತವರಲ್ಲಿದ್ದು ಬಾ" ಎಂದು ತಾವೇ ಟ್ರಂಕು ತುಂಬಿ ಕೊಟ್ಟರು. ನಾಲ್ಕು ದಿನಕ್ಕೆ ಮದುವೆ ಸೀರೆಗಳೇಕೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ತವರು ಎಂದರೆ ಸಾಕು, ಹೆಣ್ಣಿಗೆ ನೆಲ ಕಾಣುವುದಿಲ್ಲ.

ಡ್ರೈವರಣ್ಣನಿಗೆ ಮಾತ್ರ ಮನೆಯವರು ನಿಜ ಹೇಳಿದ್ದರು: ಬಿಟ್ಟು ಬಾ, ಮತ್ತೆ ಕರೆಸುವ ಮಾತಿಲ್ಲ, ಬೇರೆ ಹೆಣ್ಣು ನೋಡಿದ್ದೇವೆ. ನನ್ನನ್ನು ಹತ್ತಿಸಿಕೊಳ್ಳುವ ಮೊದಲು ಡ್ರೈವರಣ್ಣ ನೇರ ಕೊಬ್ಬರಿ ಮಂಡಿಗೆ ಹೋಗಿ, ಅಲ್ಲಿ ಕುಳಿತಿದ್ದ ನನ್ನ ಗಂಡನಿಗೆ ಹೇಳಿದ್ದರಂತೆ: "ನಾನು ಅಜ್ಜಂಪುರದ ಮೇಲೆ ಸುತ್ತಿ ಹೋಗ್ತೀನಿ. ನೀನು ಮಧ್ಯಾಹ್ನದ ರೈಲು ಹತ್ತಿ ತರೀಕೆರೆಗೆ ಬಂದ್ಬಿಡಪ್ಪ. ಇಬ್ರನ್ನೂ ಅಲ್ಲಿಂದ್ಲೇ ವಾಪಸ್ ಕರ್ಕೊಂಡ್ ಬತ್ತೀನಿ." ಇದೆಲ್ಲ ನನಗೆ ತಿಳಿದದ್ದು ಸಂಜೆಗೆ.

ಬೀರೂರು ದಾಟಿದ ಮೇಲೆ ಕಾರು ಬೇರೆ ದಾರಿ ಹಿಡಿಯಿತು.

"ಇದ್ಯಾವ ಕಡೆ ಡ್ರೈವರಣ್ಣ? ಅಮ್ಮ ಊಟಕ್ಕೆ ಕಾಯ್ತಿರ್ತಾಳೆ."

"ಕಾವಲು ನೋಡಿಲ್ವಲ್ಲ ತಾಯಿ ನೀನು. ಈ ಸೀಮೆಗೆ ಬಂದು ಅದ್ನ ನೋಡ್ದೆ ಹೋದ್ರೆ ಹೆಂಗೆ?"

ಕಾವಲೆಂದರೆ ಮರವಿಲ್ಲದ ಬಯಲು, ಕಣ್ಣು ಹಾಯುವಷ್ಟೂ ಒಣಹುಲ್ಲು. ಅಮೃತಮಹಲಿನ ದನಗಳ ಹಿಂಡೊಂದು ರಸ್ತೆಗೆ ಅಡ್ಡ ಬಂತು. ಅವರು ಹಾರನ್ ಒತ್ತದೆ ಎಂಜಿನ್ ನಿಲ್ಲಿಸಿದರು. "ದೊರೆಗಳ ಕಾಲ್ದಲ್ಲಿ ಫಿರಂಗಿ ಎಳ್ದ ತಳಿ ಇದು. ದಾರಿ ಇವುಗಳ್ದು, ನಾವು ಆಮೇಲೆ ಬಂದೋರು." ಮುಂದೆ ಕೃಷ್ಣಮೃಗಗಳು ಕಂಡವು. ತಿರುಚಿದ ಕೊಂಬಿನ ಕಪ್ಪು ಗಂಡೊಂದು ತಲೆಯೆತ್ತಿ ನಮ್ಮನ್ನು ನೋಡಿತು. ಹೆಣ್ಣುಗಳು ರಬ್ಬರ್ ಚೆಂಡಿನಂತೆ ಪುಟಿದು ಓಡಿದವು. ನನ್ನ ಸಿಟ್ಟು ಎತ್ತ ಹೋಯಿತೋ. ಡ್ರೈವರಣ್ಣ ಮಾತ್ರ ಕೈಗಡಿಯಾರ ನೋಡುತ್ತಿದ್ದರು. "ತೋರಿಸೋರಿಗೇ ನೋಡೋ ಆಸೆ ಇಲ್ವಲ್ಲ" ಎಂದು ಛೇಡಿಸಿದೆ.

ಅಜ್ಜಂಪುರದಾಚೆ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ವಾಲಿಕೊಂಡಿತ್ತು. ಅವರು ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಕಲ್ಲಿನ ಧೂಳನ್ನು ಪಂಚೆಯ ಚುಂಗಿನಿಂದ ಒರೆಸಿದರು. ಬಿಲ್ಲು ಹಿಡಿದವನ ಹಿಂದೆ ಸಾಲು ದನಗಳು.

"ಊರಿನ ದನ ಬಿಡಿಸೋಕೆ ಹೋಗಿ ಸತ್ತೋನು ಇವ್ನು. ಆವಾಗ ದನಕ್ಕೋಸ್ಕರ ಪ್ರಾಣ ಕೊಡ್ತಿದ್ರು. ಈಗ ಮನೇ ಹೆಣ್ಣಿಗೋಸ್ಕರ ಒಂದ್ ಮಾತಾಡೋ ಗಂಡಸು ಇಲ್ಲ ಕಣವ್ವ."

ಲೋಕದ ಮಾತೆಂದುಕೊಂಡು ಹ್ಞೂಂಗುಟ್ಟಿದೆ.

ತರೀಕೆರೆ ಸ್ಟೇಷನ್ನಿನಲ್ಲಿ "ಒಂದು ಪಾರ್ಸಲ್ ಬರೋದೈತೆ" ಎಂದು ಒಳಗೆ ಹೋದರು. ನಾನು ಕಾರಿನಲ್ಲೇ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದೆ. ರೈಲು ಬಂತು. ಅವರು ಎಂಜಿನ್ನಿನಿಂದ ಕೊನೆಯ ಡಬ್ಬಿಯವರೆಗೆ ಒಂದೊಂದೇ ಬಾಗಿಲು ನೋಡುತ್ತಾ ಹೋದರು, ಮತ್ತೆ ಅಷ್ಟೇ ದೂರ ನೋಡುತ್ತಾ ಬಂದರು. ರೈಲು ಹೊರಟು, ಇಳಿದವರೆಲ್ಲ ಚದುರಿದರೂ ಅವರು ಅಲ್ಲೇ ನಿಂತಿದ್ದರು.

ಲಿಂಗದಹಳ್ಳಿಗೆ ಒಂದು ಮೈಲಿ ಇರುವಾಗ ಕಾರು ನಿಲ್ಲಿಸಿ, ತಿರುಗಿ ನೋಡದೆ ಎಲ್ಲವನ್ನೂ ಹೇಳಿದರು. ಮಂಡಿಯಲ್ಲಿ ಆಡಿದ ಮಾತನ್ನೂ ಬಿಡಲಿಲ್ಲ.

"ಅಳೋದಿದ್ರೆ ಇಲ್ಲೇ ಅತ್ಬಿಡು ತಾಯಿ. ನಿಮ್ಮವ್ವನ ಮುಂದೆ ಗಟ್ಟಿಯಾಗಿರು."

ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು. ಬೈಯಲು ಅತ್ತೆಯಿರಲಿಲ್ಲ, ಗಂಡನಿರಲಿಲ್ಲ, ಸಿಕ್ಕವರು ಅವರೊಬ್ಬರೇ. "ಬೆಳಿಗ್ಗೇನೇ ಹೇಳೋಕೆ ಏನಾಗಿತ್ತು ನಿಮಗೆ? ನನ್ನ ಬಾಳು ಹೋಗ್ತಿದ್ರೆ ಜಿಂಕೆ ತೋರಿಸ್ತಾ ಕೂತಿದ್ರಲ್ಲ."

"ಬಾಯಿ ಬರ್ಲಿಲ್ಲ ಕಣವ್ವ. ಬತ್ತಾನೆ ಅಂದ್ಕೊಂಡಿದ್ದೆ." ಅಷ್ಟು ಹೇಳಿ ಟವೆಲಿನಿಂದ ಮುಖ ಮುಚ್ಚಿಕೊಂಡರು. ಅವತ್ತು ಅತ್ತವರು ಅವರು.

ಆಮೇಲೆ ಟೈಪಿಂಗ್ ಕಲಿತು ತರೀಕೆರೆಯಲ್ಲಿ ಕೆಲಸಕ್ಕೆ ಸೇರಿದೆ. ಹೇಗೋ ಬದುಕಿದೆ. ಎಂಬತ್ತರ ದಶಕದ ನಡುವೆ ಒಮ್ಮೆ ಬೀರೂರು ಬಸ್ ಸ್ಟ್ಯಾಂಡಿನಲ್ಲಿ ಅವರು ಸಿಕ್ಕರು, ತುಂಬಾ ಇಳಿದುಹೋಗಿದ್ದರು. ಮದುವೆ ಬಾಡಿಗೆಗೆ ಹೋಗುವುದನ್ನು ನನ್ನನ್ನು ತವರಿಗೆ ಬಿಟ್ಟ ವರ್ಷವೇ ನಿಲ್ಲಿಸಿದ್ದರಂತೆ. ನನ್ನ ಮುಖ ನೋಡದೆ ಹೇಳಿದರು: "ಸಂಜೆಗೆ ಇನ್ನೊಂದು ರೈಲಿತ್ತು ತಾಯಿ. ಅದ್ನೂ ಕಾಯ್ಬೇಕಿತ್ತು ನಾನು. ಅದ್ರಾಗೆ ಬಂದಿದ್ನೋ ಏನೋ."

ನನ್ನ ಗಂಡ ಅವತ್ತು ಮಂಡಿ ಬಿಟ್ಟು ಏಳಲೇ ಇಲ್ಲವೆಂದು ನನಗೆ ಎಂದೋ ಗೊತ್ತಾಗಿತ್ತು. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಬಂತು, ಜನ ನುಗ್ಗಿದರು, ನಾನೂ ನುಗ್ಗಿದೆ. ಮುಂದಿನ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಒಂದೇ ಮಾತಿನಲ್ಲಿ ಅವರ ಎದೆಯ ಭಾರ ಇಳಿಸಬಹುದಿತ್ತು. ಬಸ್ಸಿನ ಒಂದು ಸೀಟಿಗಾಗಿ ಆ ಮಾತನ್ನು ನುಂಗಿಕೊಂಡೆ.